ಹಿತ್ತಾಳೆಯ ಕಿರುಬಂಡಿಗೆ ಮುಂದೀಪ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಇಂದು ಮಾತನಾಡಲಿರುವ ವಿಷಯವನ್ನು ಆಮಂತ್ರಣ ಪತ್ರಿಕೆಯಲ್ಲಿ ಓದಿ ಕೆಲವರು ನಕ್ಕಿರಬಹುದು. ಗಡಿನಾಡಿನ ಕನ್ನಡ ಸಂಘದ ಉತ್ಸವವೆಂದರೆ ಶಾಸನಗಳ ಮಾತು, ವಚನಗಳ ಮಾತು ಬರುವುದು ವಾಡಿಕೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಹಿತ್ತಾಳೆಯ ರೈಲು ಎಂಜಿನ್ನಿಗೆ ಉರಿಯುವ ದೀಪವನ್ನು ಕೂಡಿಸುವ ಬಗೆ ಹೇಗೆಂಬ ಮಾತು ಬರುವುದು ವಾಡಿಕೆಯಲ್ಲ. ಇದು ಮಕ್ಕಳ ಆಟವಲ್ಲವೆ ಎಂದು ಕೇಳಿದರೆ, ಆಟವೇ ಅಹುದು. ಆದರೆ ಈ ಆಟದ ಬೆನ್ನು ಹತ್ತಿದವನನ್ನು ಅದು ಮೊದಲು ಕುರ್ಡುವಾಡಿಯ ನಿಲ್ದಾಣಕ್ಕೆ ಕರೆದೊಯ್ಯುತ್ತದೆ, ಅಲ್ಲಿಂದ ಇಂಗ್ಲೆಂಡಿನ ಒಂದು ಕಣಿವೆಗೆ, ಅಲ್ಲಿಂದ ಮರಳಿ ನಮ್ಮ ಓಣಿಯ ಕಲಾಯಿಯವನ ಕುಲುಮೆಯ ಮುಂದಕ್ಕೆ. ಹೀಗಾಗಿ ಸ್ವಲ್ಪ ಸಾವಧಾನದಿಂದ ಕೇಳಬೇಕೆಂದು ವಿನಂತಿ.

ಮೊದಲು ನಿಜವಾದ ಬಂಡಿಯ ಮಾತು. ಜಿ.ಐ.ಪಿ. ರೈಲು ಮಾರ್ಗವು ಸೊಲ್ಲಾಪುರವನ್ನು ಮುಟ್ಟಿದುದು 1860ರಲ್ಲಿ. ಅದು ಹೊಟಗಿ, ಅಕ್ಕಲಕೋಟೆ ರೋಡ್, ನಾಗಣಸೂರು, ದುಧನಿಗಳ ಮೇಲೆ ಹಾಯ್ದು, ಕಲಬುರ್ಗಿಯನ್ನು ದಾಟಿ, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಕಡೆಯಿಂದ ಬಂದ ಮಾರ್ಗವನ್ನು ಕೂಡಿತು. 1880ರ ದಶಕದಲ್ಲಿ ಗದಗಿನಿಂದ ವಿಜಾಪುರದ ಮೇಲೆ ಮೀಟರ್ ಗೇಜಿನ ಮಾರ್ಗವೊಂದು ಬಂದು ಹೊಟಗಿಯಲ್ಲಿ ಸೇರಿತು. ಧಾರವಾಡದ ಕಡೆಯ ನೆಂಟರು ಸೊಲ್ಲಾಪುರಕ್ಕೆ ಬರುವಾಗ ಹೊಟಗಿಯಲ್ಲಿ ಚಿಕ್ಕ ಗಾಡಿಯಿಂದಿಳಿದು ದೊಡ್ಡ ಗಾಡಿಗೆ ಗಂಟುಮೂಟೆಗಳನ್ನು ಹೊತ್ತ ಕಥೆಗಳು ನಮ್ಮ ಮನೆಮನೆಗಳಲ್ಲಿವೆ. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿಗೆ ಎರಡೂವರೆ ಅಡಿಯ ಅಗಲದ ಕಿರಿಯ ಮಾರ್ಗವು ತೆರೆಯಿತು. ಹೀಗೆ ಒಂದೇ ಜಿಲ್ಲೆಯಲ್ಲಿ 1676 ಮಿಲಿಮೀಟರ್, 1000 ಮಿಲಿಮೀಟರ್, 762 ಮಿಲಿಮೀಟರ್ ಎಂಬ ಮೂರು ಅಗಲದ ಹಳಿಗಳು ಹಾಸಿದ್ದವು.

ಇವುಗಳಲ್ಲಿ ನಮಗೆ ಇಂದು ಬೇಕಾದುದು ಆ ಮೂರನೆಯದು. ಬಾರ್ಶಿ ಲೈಟ್ ರೈಲ್ವೆಯನ್ನು ಕಟ್ಟಿದಾತನು ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರ್. ಮೊದಲು ಜಿ.ಐ.ಪಿ.ಯ ಚಾಕರಿಗೆಂದು ಈ ದೇಶಕ್ಕೆ ಬಂದವನು. ಬಂಡಿಯ ಪ್ರತಿಯೊಂದು ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಎಂಜಿನ್ನನ್ನೂ ಡಬ್ಬಿಗಳನ್ನೂ ರೂಪಿಸಿದರೆ ಗಜಕ್ಕೆ 30 ಪೌಂಡು ತೂಗುವ ಹಗುರಾದ ಹಳಿಯೇ ಸಾಕಾಗುವುದೆಂಬುದು ಆತನ ವಿಚಾರ. ಅದಕ್ಕಾಗಿ ಲೀಡ್ಸ್ ಪಟ್ಟಣದ ಕಿಟ್ಸನ್ ಕಂಪನಿಯವರಿಂದ ಎಂಟು ಚಾಲಕ ಚಕ್ರಗಳ ಎಂಜಿನ್ನುಗಳನ್ನು ಮಾಡಿಸಿದನು. ಆ ಮಾರ್ಗ ಮುಂದೆ ಪಂಢರಪುರಕ್ಕೆ, 1911ರಲ್ಲಿ ಲಾತೂರಕ್ಕೆ, 1927ರಲ್ಲಿ ಮಿರಜಿಗೆ ಬೆಳೆದು ಸುಮಾರು 200 ಮೈಲು ಉದ್ದವಾಯಿತು. ಆಷಾಢ, ಕಾರ್ತಿಕದ ಯಾತ್ರೆಗೆ ಹೊರಟ ನಮ್ಮ ಹಿರಿಯರು ಅದರ ಮರದ ಡಬ್ಬಿಗಳಲ್ಲಿ ಒತ್ತೊತ್ತಾಗಿ ಕುಳಿತು ವಿಠ್ಠಲನ ನಾಮವನ್ನು ಹೇಳುತ್ತ ಹೋದವರು. 1954ರಲ್ಲಿ ಸರ್ಕಾರವು ಅದನ್ನು ಕೊಂಡುಕೊಂಡಿತು. ಈ ಶತಮಾನದ ಮೊದಲ ಹತ್ತು ಹನ್ನೊಂದು ವರ್ಷಗಳಲ್ಲಿ ಆ ಕಿರಿಯ ಹಳಿಯನ್ನೆಲ್ಲ ಕಿತ್ತು ಅಗಲ ಹಳಿಯನ್ನು ಹಾಸಿದರು. ಅನುಕೂಲವಾಯಿತು, ನಿಜ. ಆದರೆ ಇಪ್ಪತ್ತು ವರ್ಷದೊಳಗಿನ ನಮ್ಮ ಮಕ್ಕಳಿಗೆ ಆ ಪುಟ್ಟ ಬಂಡಿ ಎಂತಿದ್ದಿತೆಂದು ತೋರಿಸಬೇಕಾದರೆ ನಮ್ಮ ಕೈಯಲ್ಲಿ ಚಿತ್ರಗಳಲ್ಲದೆ ಬೇರೇನೂ ಇಲ್ಲ.

ಇನ್ನು ದೀಪದ ಮಾತು. ಹೆಡ್‌ಲೈಟು ಎಂದು ನಾವೆಲ್ಲರೂ ಆಡುವ ಆ ಮುಂದೀಪ ಎಲ್ಲ ದೇಶದ ಎಂಜಿನ್ನುಗಳಿಗೂ ಇದ್ದ ಒಡವೆಯಲ್ಲ. ಇಂಗ್ಲೆಂಡಿನಲ್ಲಿ ರೈಲು ಮಾರ್ಗದ ಇಬ್ಬದಿಗಳಲ್ಲಿಯೂ ಬೇಲಿಯನ್ನು ಹಾಕಬೇಕೆಂದು ಕಾಯದೆಯೇ ಇದ್ದಿತು. ದನಕರು ಹಳಿಯ ಮೇಲೆ ಬರುವಂತಿಲ್ಲ, ಬಂಡಿಯ ದಾರಿಯನ್ನು ಸಿಗ್ನಲ್ಲುಗಳು ಕಾಯುತ್ತವೆ. ಆದುದರಿಂದ ಅಲ್ಲಿನ ಎಂಜಿನ್ನಿನ ಮುಂದೆ ಇಡುತ್ತಿದ್ದ ಸಣ್ಣ ಲಾಟೀನುಗಳು ದಾರಿಯನ್ನು ಬೆಳಗಿಸುವುದಕ್ಕಲ್ಲ, ಇದು ಎಂತಹ ಗಾಡಿಯೆಂದು ಸಿಗ್ನಲ್ಲಿನವನಿಗೆ ತಿಳಿಸುವ ಗುರುತುಗಳು ಮಾತ್ರ. ನಮ್ಮ ನಾಡಿನ ಪರಿಸ್ಥಿತಿ ಬೇರೆ. ಎರೆಹೊಲಗಳ ನಡುವೆ ಬೇಲಿಯಿಲ್ಲದ ಹಳಿ, ಜೋಳದ ಕಣದಿಂದ ಮರಳುವ ಚಕ್ಕಡಿ, ಬಿಟ್ಟುಬಂದ ಎಮ್ಮೆ. ಇಲ್ಲಿ ದೀಪವು ದಾರಿಯನ್ನು ನೋಡಲೇ ಬೇಕು, ದಾರಿಯಲ್ಲಿದ್ದವರಿಗೆ ತಾನು ಬರುತ್ತಿರುವೆನೆಂದು ಹೇಳಲೂ ಬೇಕು.

ಇಲ್ಲಿ ಒಂದು ವಿನೋದವಾದ ಸಂಗತಿಯುಂಟು. ಇದೇ ಕ್ಯಾಲ್‌ಥ್ರಾಪನು ಬಾರ್ಶಿಯ ಅನುಭವವನ್ನು ಹೊತ್ತು ತನ್ನ ದೇಶದ ಸ್ಟಾಫರ್ಡ್‌ಶೈರಿನಲ್ಲಿ ಲೀಕ್ ಆ್ಯಂಡ್ ಮ್ಯಾನಿಫೋಲ್ಡ್ ಎಂಬ ಪುಟ್ಟ ರೈಲ್ವೆಗೆ ಎಂಜಿನಿಯರನಾದನು. ಅದೇ ಎರಡೂವರೆ ಅಡಿಯ ಹಳಿ, ಅದೇ ಕಿಟ್ಸನ್ ಕಂಪನಿ. 1904ರಲ್ಲಿ ಆ ಮಾರ್ಗ ತೆರೆದಾಗ ಅದರ ಎರಡು ಎಂಜಿನ್ನುಗಳ ಹಣೆಯಲ್ಲಿ, ಚಿಮಣಿಯ ಮುಂದೆ, ಇಂಗ್ಲೆಂಡಿನವರು ಹುಬ್ಬೇರಿಸುವಂತಹ ದೊಡ್ಡ ಮುಂದೀಪವಿದ್ದಿತು. ಆ ಹಸುರು ಕಣಿವೆಯಲ್ಲಿ ಅದರ ಅಗತ್ಯವೇನೆಂದು ನಾವು ಕೇಳಬಾರದು. ಅದು ನಮ್ಮ ಕಡೆಯ ಬಂಡಿಗಳ ಮುಖಲಕ್ಷಣ. ಆ ಮಾರ್ಗ 1934ರಲ್ಲಿ ಮುಚ್ಚಿತು, ಎಂಜಿನ್ನುಗಳನ್ನು ಒಡೆದುಹಾಕಿದರು, ಹಳಿಯಿದ್ದಲ್ಲಿ ಈಗ ಜನ ಕಾಲ್ನಡಿಗೆಯಲ್ಲಿ ತಿರುಗಾಡುವರು. ಆದರೆ ಅಲ್ಲಿಯ ಹವ್ಯಾಸಿಗಳಿಗೆ ಅದರ ಮೇಲೆ ಎಷ್ಟು ಪ್ರೀತಿಯೆಂದರೆ, ಆ ಎರಡು ಎಂಜಿನ್ನುಗಳ ಕಿರುಮಾದರಿಗಳನ್ನು ಅವರು ಇಂದಿಗೂ ತಾವೇ ಕೂಡಿಸುತ್ತಿರುವರು. ಬಾರ್ಶಿಯ ಬಂಡಿಯನ್ನು ಹಾಗೆ ಕೂಡಿಸಿದವರು ನಮ್ಮಲ್ಲಿ ಎಷ್ಟು ಜನ ಸಿಕ್ಕಾರು?

ಕಿರುಮಾದರಿಯ ಅಳತೆಯನ್ನು ಎರಡು ಮಾತಿನಲ್ಲಿ ಹೇಳುವೆವು. ವಿದ್ಯಾರ್ಥಿಗಳು ಗಮನವಿಟ್ಟು ಕೇಳಲಿ. ಲೋಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎಚ್.ಓ. ಎಂಬ ಪ್ರಮಾಣದಲ್ಲಿ ನಿಜದ 87 ಅಡಿ ಮಾದರಿಯಲ್ಲಿ ಒಂದು ಅಡಿಯಾಗುತ್ತದೆ. ನಮ್ಮ ಅಗಲ ಹಳಿ 1676ನ್ನು 87ರಿಂದ ಭಾಗಿಸಿದರೆ 19.3 ಮಿಲಿಮೀಟರ್ ಬರುವುದು. ಪೇಟೆಯಲ್ಲಿ ದೊರೆಯುವ ಹಳಿಯಾದರೋ 16.5. ಹೊಂದುವುದಿಲ್ಲ. ಆದರೆ ಬಾರ್ಶಿಯ 762ನ್ನು ಭಾಗಿಸಿರಿ: 8.8 ಬರುವುದು. ಎನ್ ಗೇಜ್ ಎಂಬ 9 ಮಿಲಿಮೀಟರಿನ ಸಿದ್ಧ ಹಳಿ ಎಲ್ಲೆಡೆಯೂ ದೊರೆಯುತ್ತದೆ. ಯುರೋಪಿನವರು 760 ಮಿಲಿಮೀಟರಿನ ತಮ್ಮ ಕಿರಿಯ ಮಾರ್ಗಗಳನ್ನು ಇದರ ಮೇಲೆಯೇ ಓಡಿಸುವರು. ನಮ್ಮ ಜಿಲ್ಲೆಯ ಮೂರು ಅಗಲಗಳಲ್ಲಿ ಕಿರುಮಾದರಿಗೆ ಅತ್ಯಂತ ನಿಷ್ಠವಾಗಿ ಒಗ್ಗುವುದು ಕಳೆದುಹೋದ ಆ ಕಿರಿಯದೇ ಎಂಬುದು ಕಾಕತಾಳೀಯವಾದರೂ ನಮಗೆ ಹಿತವಾಗಿ ತೋರಿತು.

ಮಾದರಿಗಳಲ್ಲಿ ಹಿತ್ತಾಳೆಯವುಗಳಿಗೆ ಒಂದು ವಿಶೇಷವಾದ ಮರ್ಯಾದೆಯುಂಟು. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನ ಕುಶಲಕರ್ಮಿಗಳು, ಬಳಿಕ ಕೊರಿಯಾದವರು, ಹಿತ್ತಾಳೆಯ ಹಾಳೆಯನ್ನು ಕತ್ತರಿಸಿ, ಬಾಗಿಸಿ, ಬೆಸೆದು ಒಂದೊಂದು ಎಂಜಿನ್ನನ್ನೂ ಕೈಯಿಂದಲೇ ಜೋಡಿಸಿ ಅಮೆರಿಕದ ಹವ್ಯಾಸಿಗಳಿಗೆ ಕಳುಹಿಸುತ್ತಿದ್ದರು. ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ಯಬೇಕಾದರೆ ಸಾವಿರಾರು ಪ್ರತಿಗಳು ಮಾರಾಟವಾಗಬೇಕು. ಹಿತ್ತಾಳೆಯಲ್ಲಾದರೆ ನೂರಿನ್ನೂರು ಪ್ರತಿಗಳನ್ನು ಮಾಡಿದರೂ ನಷ್ಟವಿಲ್ಲ. ಆದುದರಿಂದಲೇ ಯಾರೂ ಕೇಳದ ಅಪರೂಪದ ಎಂಜಿನ್ನುಗಳು ಹಿತ್ತಾಳೆಯಲ್ಲಿ ಉಳಿದಿವೆ. ಆದರೆ ಹಳೆಯ ಹಿತ್ತಾಳೆಯ ಮಾದರಿಗಳಲ್ಲಿ ದೀಪವು ಅನೇಕವೇಳೆ ತೋರಿಕೆಗೆ ಮಾತ್ರ. ಗಟ್ಟಿ ಎರಕದ ಒಂದು ಗುಂಡಿ, ಅದರ ಮುಖಕ್ಕೆ ಬೆಳ್ಳಿಬಣ್ಣ. ಹಗಲಿನಲ್ಲಿ ಚೆಲುವು, ಕೋಣೆಯ ದೀಪವನ್ನು ಆರಿಸಿದರೆ ಬಂಡಿ ಕುರುಡು.

ಅಕ್ಕಲಕೋಟೆಯ ನಮ್ಮ ಮಿತ್ರರೊಬ್ಬರ ಮನೆಯಲ್ಲಿ ಅಂತಹುದೊಂದು ಎಂಜಿನ್ನಿದೆ. ಮೇಲೆ ಹೇಳಿದ ಮ್ಯಾನಿಫೋಲ್ಡ್ ಎಂಜಿನ್ನಿನ ಮಾದರಿ. 76ರಲ್ಲಿ ಒಂದರ ಪ್ರಮಾಣ, ಉದ್ದ ಅರ್ಧ ಗೇಣು. ಹೊರದೇಶದಲ್ಲಿರುವ ಬಂಧುಗಳು ಅದನ್ನು ಅವರ ತಂದೆಯವರಿಗೆ ತಂದುಕೊಟ್ಟಿದ್ದರು. ತಂದೆಯವರು ಕುರ್ಡುವಾಡಿಯ ಕಾರ್ಖಾನೆಯಲ್ಲಿ ದುಡಿದವರು. ಮಾದರಿಯನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಅವರು ಅದರ ಮುಂದೀಪವನ್ನು ಬೆರಳಿನಿಂದ ಮುಟ್ಟಿ, “ಮೈ ಬೇರೆ ಆದ್ರೂ ಮಾರಿ ನಮ್ಮದೇ” ಎಂದರಂತೆ. ಅವರು ತೀರಿಕೊಂಡ ಮೇಲೆ ಮೊಮ್ಮಗಳು, ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿನಿ, ಆ ದೀಪ ಉರಿಯಬೇಕೆಂದು ಹಟ ಹಿಡಿದಳು. ತಂದೆಗೆ ಒಪ್ಪಿಗೆಯಿಲ್ಲ. “ಅಪ್ಪಾರು ಮುಟ್ಟಿದ ದೀಪಕ್ಕ ಬೈರಿಗಿ ಹಚ್ಚಲಾ?” ಎಂದು ಅವರ ಪ್ರಶ್ನೆ. ಸಂಗ್ರಾಹಕರ ಮತವೂ ಅವರ ಪಕ್ಷದಲ್ಲಿಯೇ ಇದೆ. ಒಮ್ಮೆ ತೂತು ಕೊರೆದ ಹಿತ್ತಾಳೆಯ ಮಾದರಿಗೆ ಮೊದಲಿನ ಬೆಲೆ ಬಾರದು. ಬೆಲೆಯ ಮಾತು ಹಾಗಿರಲಿ. ಹೆಸರು ತಿಳಿಯದ ಕುಶಲಕರ್ಮಿಯೊಬ್ಬನ ಕೈಕೆಲಸವನ್ನು ಕೆಡಿಸಲು ನಮಗೆ ಅಧಿಕಾರವೆಲ್ಲಿಯದು? ಮತ್ತೊಂದು ಕಡೆ, ಕತ್ತಲಲ್ಲಿ ಕುರುಡಾಗಿ ನಿಂತಿರುವ ಬಂಡಿಯನ್ನು ನೋಡಿ ಆ ಹುಡುಗಿಗೆ ಅಜ್ಜನ ಕಾಲದ ಬಂಡಿಯ ಕಲ್ಪನೆ ಬರುವುದು ಹೇಗೆ? ಇಬ್ಬರ ಮಾತೂ ನ್ಯಾಯವಾದುದೇ ಆಗಿದ್ದಿತು. ಮೂಲಕ್ಕೆ ಕುಂದು ತಾರದೆ ದೀಪವನ್ನು ಹಚ್ಚುವುದಾದರೆ ಮಾತ್ರ ಕೈಹಾಕುವುದೆಂದು ನಾವೆಲ್ಲ ಒಪ್ಪಿಕೊಂಡೆವು.

ಮಾದರಿಯನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದಾಗ ದಾರಿ ಕಂಡಿತು. ಎರಕದ ದೀಪದ ತಳದಲ್ಲಿ ಒಂದು ಗೂಟವಿದ್ದು, ಅದನ್ನು ಹೊಗೆಪೆಟ್ಟಿಗೆಯ ತಲೆಯ ಮೇಲಿನ ಸಣ್ಣ ತೂತಿನಲ್ಲಿ ಇಳಿಸಿ ಒಳಗಡೆಯಿಂದ ಒಂದೇ ಒಂದು ತೊಟ್ಟು ಬೆಸುಗೆಯನ್ನು ಹಾಕಿದ್ದರು. ಆ ತೊಟ್ಟನ್ನು ಕರಗಿಸಿದರೆ ದೀಪ ಇಡಿಯಾಗಿ ಕೈಗೆ ಬರುವುದು. ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಬೇಕಾದಾಗ ಮತ್ತೆ ಕೂಡಿಸಬಹುದು. ಉಳಿದ ಆ ತೂತಿನ ವ್ಯಾಸ ಮುಕ್ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು. ಹೊಸ ದೀಪಕ್ಕೆ ಬೇಕಾದ ತಂತಿಗಳಿಗೆ ಅಷ್ಟು ದಾರಿ ಸಾಕು. ಹೊಸದಾಗಿ ಒಂದು ತೂತನ್ನೂ ಕೊರೆಯಬೇಕಾಗಿಲ್ಲ! ಈ ಶೋಧದ ಕೀರ್ತಿ ಆ ಹುಡುಗಿಯದು. ಭೂತಗನ್ನಡಿ ಅವಳ ಶಾಲೆಯದು.

ಬೆಸುಗೆಯನ್ನು ಬಿಡಿಸುವಲ್ಲಿ ಹಿತ್ತಾಳೆಯ ಗುಣವೇ ಅದರ ದೋಷವೂ ಆಗುತ್ತದೆ. ತವರ ಸೀಸಗಳ ಸಾಮಾನ್ಯ ಬೆಸುಗೆ 190 ಡಿಗ್ರಿಯ ಸುಮಾರಿಗೆ ಕರಗುವುದು. ಹಿತ್ತಾಳೆ ಕರಗಲು 900ರ ಆಸುಪಾಸು ಬೇಕು. ಆದುದರಿಂದ ಹಿತ್ತಾಳೆಗೆ ಅಪಾಯವಿಲ್ಲ. ಆದರೆ ಅದು ಕಾವನ್ನು ಕ್ಷಣಮಾತ್ರದಲ್ಲಿ ಹರಡುವ ಲೋಹ. ನೀವು ದೀಪವನ್ನು ಬಿಡಿಸಲು ಕಾಸಿದರೆ ಪಕ್ಕದ ಕೈಪಿಡಿ, ಗಂಟೆ, ಚಿಮಣಿಯ ಬಾಯಿಯ ಬಳೆ ಎಲ್ಲವೂ ಉದುರಿಬಿದ್ದಾವು. ನಮ್ಮ ಮನೆಗಳಿಗೆ ಬರುತ್ತಿದ್ದ ಕಲಾಯಿಯವನನ್ನು ನೆನೆಸಿಕೊಳ್ಳಿರಿ. ಕೊಡದ ಹಿಡಿಕೆಗೆ ಒದ್ದೆ ಗೋಣಿಯ ತುಂಡನ್ನು ಸುತ್ತಿಕೊಂಡು ಅತ್ತ ತಳವನ್ನು ಕಾಸುತ್ತಿದ್ದನಲ್ಲವೆ? ಅದೇ ಉಪಾಯ. ಉದುರಬಾರದ ಭಾಗಗಳ ಮೇಲೆ ಒದ್ದೆ ಹತ್ತಿಯನ್ನಿಟ್ಟು, ದಪ್ಪ ತುದಿಯ ಬಿಸಿ ಕಬ್ಬಿಣವನ್ನು ಬೇಕಾದಲ್ಲಿ ಎರಡು ಎಣಿಕೆಯಷ್ಟು ಹೊತ್ತು ಮುಟ್ಟಿಸಿ ತೆಗೆಯುವುದು. ಸಣ್ಣ ತುದಿಯ ಕಬ್ಬಿಣವೇ ಸೂಕ್ಷ್ಮವಾದ ಕೆಲಸಕ್ಕೆ ತಕ್ಕುದೆಂದು ಹೊಸಬರು ಭಾವಿಸುವರು. ಅದರಲ್ಲಿ ಕಾವಿನ ಸಂಗ್ರಹ ಕಡಿಮೆ. ಬಹಳ ಹೊತ್ತು ಹಿಡಿಯಬೇಕಾಗಿ ಬಂದು ಎಂಜಿನ್ನೆಲ್ಲ ಕಾಯುತ್ತದೆ. ಇನ್ನೊಂದು ಮಾತು: ಕಲಾಯಿಗೆ ನವಸಾಗರವು ಉತ್ತಮ, ವಿದ್ಯುತ್ತಿನ ತಂತಿಗೆ ಅದು ಶತ್ರು. ಅದರ ಶೇಷವು ತಾಮ್ರವನ್ನು ದಿನದಿನಕ್ಕೆ ತಿನ್ನುತ್ತದೆ. ತಂತಿಯ ಕೆಲಸಕ್ಕೆ ರಾಳವನ್ನೇ ಬಳಸತಕ್ಕದ್ದು.

ಹೊಸ ದೀಪದ ಗೂಡಿಗೆ 6 ಮಿಲಿಮೀಟರ್ ವ್ಯಾಸದ ಹಿತ್ತಾಳೆಯ ಕೊಳವಿಯ ತುಂಡು ಸಾಕಾಯಿತು. ಒಂದೂವರೆ ಅಡಿಯ ನಿಜದೀಪ 76ರಲ್ಲಿ ಒಂದರ ಪ್ರಮಾಣಕ್ಕೆ ಇಳಿದಾಗ ಸರಿಯಾಗಿ ಅಷ್ಟಾಗುತ್ತದೆ. ಪ್ಲಾಸ್ಟಿಕ್ಕಿನ ಮಾದರಿಗಳಲ್ಲಿ ದೀಪವನ್ನು ಹಚ್ಚಿದರೆ ಎಂಜಿನ್ನಿನ ಮೂತಿಯೆಲ್ಲ ಕೆಂಪಗೆ ಹೊಳೆದು ಹಾಸ್ಯಾಸ್ಪದವಾಗುವುದುಂಟು. ಹಿತ್ತಾಳೆಯಲ್ಲಿ ಆ ಕಾಟವಿಲ್ಲ. ಬೆಳಕು ಬಾಯಿಯಿಂದಲ್ಲದೆ ಬೇರೆಲ್ಲಿಂದಲೂ ಹೊರಗೆ ಬಾರದು.

ಈಗ ವಿದ್ಯುತ್ತಿಗೆ ಬರೋಣ. ಈ ಕೆಲಸದ ಮರ್ಮವಿರುವುದು ಇಲ್ಲಿಯೇ. ಕಿರುಬಂಡಿಗೆ ಶಕ್ತಿಯು ಹಳಿಯಿಂದಲೇ ಬರುತ್ತದೆ: ಒಂದು ಹಳಿ ಧನ, ಇನ್ನೊಂದು ಋಣ, ನಡುವೆ ಹೆಚ್ಚೆಂದರೆ 12 ವೋಲ್ಟ್. ಹಳೆಯ ಹಿತ್ತಾಳೆಯ ಎಂಜಿನ್ನಿನಲ್ಲಿ ಒಂದು ಬದಿಯ ಚಕ್ರಗಳು ನೇರವಾಗಿ ಮೈಗೆ ತಗುಲಿರುವುದರಿಂದ ಆ ಬದಿಯ ಹಳಿಯ ವಿದ್ಯುತ್ತು ಇಡಿಯ ಒಡಲಿನಲ್ಲಿ ಹರಡಿರುತ್ತದೆ. ಚಿಮಣಿಯಿಂದ ಹಿಡಿದು ಚಾಲಕನ ಗೂಡಿನವರೆಗೆ ಎಲ್ಲವೂ ಒಂದೇ ತಂತಿಯಿದ್ದಂತೆ. ಇನ್ನೊಂದು ಬದಿಯ ಚಕ್ರಗಳನ್ನು ಅಚ್ಚಿನಿಂದ ಬೇರ್ಪಡಿಸಿ, ಅವುಗಳಿಗೆ ಸವರುವ ಸಣ್ಣ ಪಟ್ಟಿಗಳಿಂದ ಎರಡನೆಯ ಹಳಿಯ ವಿದ್ಯುತ್ತನ್ನು ಮೋಟಾರಿಗೆ ಕೊಡುತ್ತಾರೆ. ಆ ಎರಡನೆಯ ತಂತಿಯು ಎಲ್ಲಿಯಾದರೂ ಮೈಗೆ ತಗುಲಿತೆಂದರೆ ಶಾರ್ಟ್ ಆಯಿತೆಂದೇ ತಿಳಿಯಿರಿ.

ದೀಪದ ಒಂದು ಕಾಲನ್ನು ಮೈಗೇ ಬೆಸೆದುಬಿಟ್ಟರೆ ಒಂದು ತಂತಿ ಉಳಿಯಿತಲ್ಲ ಎಂದು ಜಾಣರು ಹೇಳುವರು. ಹಳೆಯ ಪದ್ಧತಿಯ ಹಳಿಗಳಲ್ಲಿ ಅದು ನಡೆಯುತ್ತದೆ, ಎಷ್ಟೋ ಜನ ಹಾಗೆಯೇ ಮಾಡಿರುವರು. ನಾವು ಮಾಡಲಿಲ್ಲ. ಮುಂದೆ ಡಿಜಿಟಲ್ ಪದ್ಧತಿಯ ಚಿಪ್ಪನ್ನು ಎಂಜಿನ್ನಿನೊಳಗೆ ಕೂಡಿಸುವುದಿದ್ದರೆ ದೀಪದ ಎರಡು ತಂತಿಗಳೂ ಆ ಚಿಪ್ಪಿನಿಂದಲೇ ಹೊರಟು ಅದಕ್ಕೇ ಮರಳಬೇಕು. ಒಂದು ತಂತಿ ಮೈಯನ್ನು ಮುಟ್ಟಿದರೂ ಚಿಪ್ಪು ಸುಟ್ಟುಹೋಗುವ ಭಯವಿದೆ. ಆದುದರಿಂದ ಹಿತ್ತಾಳೆಯಲ್ಲಿ ದೀಪವನ್ನು ಹಚ್ಚುವವನು ವಿದ್ಯುತ್ತನ್ನು ಸಾಗಿಸುವ ಚಿಂತೆಗಿಂತ ಅದನ್ನು ತಡೆಯುವ ಚಿಂತೆಯನ್ನೇ ಹೆಚ್ಚಾಗಿ ಮಾಡಬೇಕು. ಎನಾಮಲ್ ಲೇಪದ 0.1 ಮಿಲಿಮೀಟರಿನ ತಾಮ್ರದ ತಂತಿಗಳೆರಡನ್ನು ತೆಗೆದುಕೊಂಡೆವು. ತಲೆಗೂದಲಿಗಿಂತ ಬಹಳ ದಪ್ಪವೇನಲ್ಲ. ಆದರೆ ತೂತಿನ ಅಂಚು ಗರಗಸದಂತೆ ಆ ಲೇಪವನ್ನು ಕೆರೆಯುತ್ತದೆ. ಹಳೆಯ ತಂತಿಯೊಂದರ ಪ್ಲಾಸ್ಟಿಕ್ ಸಿಪ್ಪೆಯನ್ನು ಕೊಳವೆಯಾಗಿ ತೂತಿನಲ್ಲಿ ತೂರಿಸಿ, ಅದರೊಳಗಿಂದ ಎರಡೂ ತಂತಿಗಳನ್ನು ಇಳಿಸಿದ ಮೇಲೆ ನಿಶ್ಚಿಂತೆಯಾಯಿತು. ಮೋಟಾರಿನ ಒಂದು ಕುಂಚವೂ ಮೈಗೆ ತಗುಲಿದ್ದಿತು. ಅದನ್ನೂ ಬಿಡಿಸಿ ಬೇರೆ ತಂತಿಯನ್ನು ಕೊಡಬೇಕಾಯಿತು.

ದೀಪವೆಂದರೆ ಈಗ ಎಲ್.ಇ.ಡಿ. ಹಿಂದಿನವರು ಗೋದಿಯ ಕಾಳಿನಷ್ಟು ಗಾತ್ರದ ಬುರುಡೆಗಳನ್ನು ಬಳಸುತ್ತಿದ್ದರು. ಅವು ಕಾಯುತ್ತಿದ್ದವು, ಕೆಲವು ವರ್ಷಗಳಲ್ಲಿ ಸುಟ್ಟುಹೋಗುತ್ತಿದ್ದವು, ಬದಲಿಸಬೇಕಾದರೆ ಎಂಜಿನ್ನನ್ನೆಲ್ಲ ಬಿಚ್ಚಬೇಕಾಗುತ್ತಿದ್ದಿತು. ಈಗಿನ ಬಿಳಿಯ ಎಲ್.ಇ.ಡಿ. ಎಂಬುದು ವಾಸ್ತವವಾಗಿ ನೀಲಿಯದು. ಅದರ ಮೇಲೆ ಹಳದಿಯ ಲೇಪವಿರುವುದರಿಂದ ಬಿಳುಪಾಗಿ ಕಾಣುತ್ತದೆ. ಆ ನೀಲಿಯ ಬೆಳಕನ್ನು ಸಾಧಿಸಿದ ಜಪಾನಿನ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ನಾವು ಬಳಸಿದ ತುಣುಕಿನ ಅಳತೆ 1.6 ಮತ್ತು 0.8 ಮಿಲಿಮೀಟರ್, ಎಳ್ಳಿನ ಕಾಳಿಗಿಂತ ಚಿಕ್ಕದು. ಕೆಳಗೆ ಬಿದ್ದರೆ ಹುಡುಕುವ ಶ್ರಮವನ್ನು ಯಾರೂ ತೆಗೆದುಕೊಳ್ಳಬೇಡಿರಿ.

ಈ ತುಣುಕಿಗೆ ಬೇಕಾದುದು ಸುಮಾರು 3 ವೋಲ್ಟ್. 12 ವೋಲ್ಟನ್ನು ನೇರವಾಗಿ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಸುಟ್ಟುಹೋಗುವುದು. ಉಳಿದ 9 ವೋಲ್ಟನ್ನು ಒಂದು ರೆಸಿಸ್ಟರು, ಶಾಲೆಯ ಪುಸ್ತಕದ ರೋಧಕ, ನುಂಗಿಕೊಳ್ಳಬೇಕು. ಓಮನ ನಿಯಮವನ್ನು ಎಂದೋ ಬಾಯಿಪಾಠ ಮಾಡಿದ್ದ ನಮ್ಮ ವಿದ್ಯಾರ್ಥಿನಿ ಕಾಗದದ ಮೇಲೆ ಲೆಕ್ಕ ಹಾಕಿದಳು. 1,000 ಓಮಿನ ರೋಧಕವನ್ನು ಹಾಕಿದರೆ 9 ಮಿಲಿ ಆ್ಯಂಪಿಯರ್ ಹರಿಯುವುದು, 10,000 ಓಮಿನದನ್ನು ಹಾಕಿದರೆ 0.9. ಎರಡನ್ನೂ ಹಚ್ಚಿ ನೋಡಿದೆವು. ಮೊದಲನೆಯದರಲ್ಲಿ ದೀಪವು ಕಣ್ಣು ಕುಕ್ಕುವಂತೆ ಉರಿಯಿತು. ಎರಡನೆಯದರಲ್ಲಿ ಶಾಂತವಾಗಿ ಉರಿಯಿತು. ಅದನ್ನೇ ಇಟ್ಟುಕೊಂಡೆವು.

ನಿಜದ ದೀಪವನ್ನು ಮೊದಲು ಅರಿಯಬೇಕೆಂಬುದಕ್ಕೆ ಕಾರಣ ಇಲ್ಲಿದೆ. ಉಗಿಬಂಡಿಯ ಮೊದಲ ಮುಂದೀಪಗಳಲ್ಲಿ ಉರಿದುದು ಎಣ್ಣೆಯ ಬತ್ತಿ. ಬಳಿಕ ಅಸಿಟಿಲೀನ್ ಬಂದಿತು: ಕ್ಯಾಲ್ಸಿಯಂ ಕಾರ್ಬೈಡಿನ ಹರಳುಗಳ ಮೇಲೆ ನೀರು ತೊಟ್ಟಿಕ್ಕಿ ಏಳುವ ಅನಿಲದ ಜ್ವಾಲೆ. ಹಿರಿಯರು ಮದುವೆಯ ಮೆರವಣಿಗೆಯಲ್ಲಿ ಅದರ ವಾಸನೆಯನ್ನು ಕಂಡುಂಡವರು. ಆಮೇಲೆ ಎಂಜಿನ್ನಿನ ಉಗಿಯಿಂದಲೇ ತಿರುಗುವ ಸಣ್ಣ ಟರ್ಬೈನು ವಿದ್ಯುತ್ತನ್ನು ಹುಟ್ಟಿಸಿ ಬುರುಡೆಯನ್ನು ಉರಿಸುತ್ತಿದ್ದಿತು. ಉಗಿಬಂಡಿ ನಿಂತಾಗಲೂ ಕೇಳಿಬರುತ್ತಿದ್ದ ಆ ಸಣ್ಣ ಶಿಳ್ಳಿನಂತಹ ಸದ್ದು ಅದರದು. ಈ ಮೂರರ ಬಣ್ಣವೂ ಒಂದೇ ಅಲ್ಲ. ಎಣ್ಣೆಯದು ಕೇಸರಿಗೆ ಹತ್ತಿರ, ಬುರುಡೆಯದು ಹಳದಿ, ಅಸಿಟಿಲೀನಿನದು ಅವೆರಡಕ್ಕಿಂತ ಬೆಳ್ಳಗೆ. ಆದರೆ ಈಗಿನ ಬಿಳಿಯ ಎಲ್.ಇ.ಡಿ.ಯಂತೆ ನೀಲಿಗೆ ತಿರುಗಿದ ಬೆಳಕು ಮೂರರಲ್ಲಿ ಒಂದರದೂ ಅಲ್ಲ. 2023ರ ಫೆಬ್ರುವರಿಯಿಂದ ಸೊಲ್ಲಾಪುರಕ್ಕೆ ಬರುತ್ತಿರುವ ವಂದೇ ಭಾರತ ಗಾಡಿಯ ಬೆಳಕನ್ನು 1904ರ ಎಂಜಿನ್ನಿನ ಹಣೆಗೆ ಹಚ್ಚಿದರೆ ಅಜ್ಜನಿಗೆ ಮೊಮ್ಮಗನ ಅಂಗಿಯನ್ನು ತೊಡಿಸಿದಂತೆ. ನಾವು ಬೆಚ್ಚನೆಯ ಬಿಳುಪಿನ ತುಣುಕನ್ನು ಆರಿಸಿ, ಅದರ ಮುಖಕ್ಕೆ ಗಾಜಿಗೆ ಬಳಿಯುವ ಹಳದಿಯ ಬಣ್ಣವನ್ನು ಒಂದೇ ಪದರ ಸವರಿದೆವು. ಇದು ನಮ್ಮ ಅಭಿರುಚಿ. ಇನ್ನೂ ತುಸು ಬೆಳ್ಳಗಿರಬೇಕಿತ್ತೆಂದು ವಾದಿಸುವವರೊಡನೆ ಜಗಳವಿಲ್ಲ.

ಹಳೆಯ ಪದ್ಧತಿಯ ಹಳಿಯಲ್ಲಿ ಇನ್ನೊಂದು ತೊಡಕಿದೆ. ಬಂಡಿಯ ವೇಗವನ್ನು ಹೆಚ್ಚುಕಡಿಮೆ ಮಾಡುವುದು ವೋಲ್ಟನ್ನು ಹೆಚ್ಚುಕಡಿಮೆ ಮಾಡಿಯೇ. ಬಂಡಿ ನಿಂತರೆ ದೀಪವೂ ನಂದಿತು. ನಿಜದ ಬಂಡಿ ಅಕ್ಕಲಕೋಟೆ ರೋಡಿನಲ್ಲಿ ನಿಂತಾಗ ದೀಪವನ್ನು ಆರಿಸುವುದುಂಟೆ? ಹಿಂದಿನವರು ಇದಕ್ಕೊಂದು ಸೊಗಸಾದ ಉಪಾಯವನ್ನು ಕಂಡಿದ್ದರು. ಮೋಟಾರಿನ ದಾರಿಯಲ್ಲಿ ಡಯೋಡುಗಳನ್ನು ಜೋಡಿಯಾಗಿಟ್ಟರೆ ಒಂದೊಂದರಲ್ಲಿ 0.7 ವೋಲ್ಟ್ ಇಳಿದು ಎರಡರಲ್ಲಿ 1.4 ಆಗುವುದು, ಆ ಇಳಿತದ ಮೇಲೆ ಒಂದೂವರೆ ವೋಲ್ಟಿನ ಬುರುಡೆಯನ್ನು ಕೂಡಿಸಿದರೆ ಮೋಟಾರು ಚಲಿಸುವ ಮೊದಲೇ ದೀಪ ಬೆಳಗುವುದು, ಬಂಡಿ ಎಷ್ಟು ವೇಗದಲ್ಲಿ ಓಡಿದರೂ ಪ್ರಕಾಶ ಬದಲಾಗದು. ಎಲ್.ಇ.ಡಿ.ಗೆ ಅಷ್ಟು ವೋಲ್ಟ್ ಸಾಲದು. ಅದು ಇನ್ನೊಂದು ವಿಷಯದಲ್ಲಿಯೂ ಬುರುಡೆಗಿಂತ ಭಿನ್ನ: ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಬಿಡುತ್ತದೆ. ಬಂಡಿ ಹಿಮ್ಮೊಗವಾಗಿ ಹೊರಟರೆ ಮುಂದೀಪ ತಾನಾಗಿ ಆರುತ್ತದೆ. ಇದು ಅನುಕೂಲವೇ, ಆದರೆ ತಿರುಗುಮುರುಗಾದ 5 ವೋಲ್ಟನ್ನು ಮೀರಿ ಅದು ತಾಳಲಾರದಾದ್ದರಿಂದ ಕಾವಲಿಗೆ ಒಂದು ಸಾದಾ ಡಯೋಡನ್ನು ಜೊತೆಗಿಡಬೇಕು.

ನಮ್ಮ ಮಿತ್ರರ ಎಂಜಿನ್ನಿಗೆ ಕೊನೆಗೆ ಡಿಜಿಟಲ್ ಚಿಪ್ಪನ್ನೇ ಕೂಡಿಸಿದೆವು. ಅದರಲ್ಲಿ ಹಳಿಯ ಮೇಲೆ ಯಾವಾಗಲೂ ಪೂರ್ತಿ ವೋಲ್ಟ್ ಇರುತ್ತದೆ. ಓಡು, ನಿಲ್ಲು, ದೀಪ ಹಚ್ಚು ಎಂಬ ಆಜ್ಞೆಗಳು ಆ ವಿದ್ಯುತ್ತಿನಲ್ಲಿಯೇ ಸಂಕೇತಗಳಾಗಿ ಹರಿದು ಚಿಪ್ಪನ್ನು ಮುಟ್ಟುತ್ತವೆ. ಬದಿಯ ನೀರಿನ ತೊಟ್ಟಿಯೊಳಗೆ ಅದಕ್ಕೆ ಜಾಗ ಸಿಕ್ಕಿತು.

ಈ ಸಾಮಾನುಗಳು ಎಲ್ಲಿ ದೊರೆಯುವುವೆಂದು ಕೇಳುವಿರಿ. ಚಿಪ್ಪೊಂದನ್ನು ಬಿಟ್ಟರೆ ಉಳಿದುದೆಲ್ಲವೂ ಸೊಲ್ಲಾಪುರದಲ್ಲಿಯೇ ಸಿಕ್ಕಿತು. ಸಣ್ಣ ತಂತಿಯು ಕೆಟ್ಟ ರಿಲೇಯೊಂದರ ಸುರುಳಿಯಿಂದ ಬಂದಿತು. ಮಗ್ಗದ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯವರು ಅದನ್ನು ಸುಮ್ಮನೆ ಕೊಟ್ಟರು. ಎಳ್ಳಿನಷ್ಟು ತುಣುಕಿಗೆ ಕೂದಲಿನಂತಹ ತಂತಿಯನ್ನು ಬೆಸೆಯುವ ಕೆಲಸ ನಮ್ಮ ಕಣ್ಣಿಗೆ ನಿಲುಕಲಿಲ್ಲ. ಅಕ್ಕಲಕೋಟೆಯಲ್ಲಿ ಮೊಬೈಲ್ ದುರಸ್ತಿ ಮಾಡುವ ತರುಣನೊಬ್ಬನು ತನ್ನ ಸೂಕ್ಷ್ಮದರ್ಶಕದ ಕೆಳಗೆ ಚಹ ಆರುವುದರೊಳಗೆ ಮುಗಿಸಿಕೊಟ್ಟನು. ಅವನೂ ಕನ್ನಡ ಶಾಲೆಯಲ್ಲಿ ಕಲಿತವನೇ. ಇಂತಹ ಕೈಗಳು ನಮ್ಮ ಪೇಟೆಗಳಲ್ಲಿ ಬೇಕಾದಷ್ಟಿವೆ. ಹಿತ್ತಾಳೆಯ ಹಾಳೆಯನ್ನು ಆಮ್ಲದಿಂದ ಕೊರೆದು ತುಂಡುಗಳನ್ನು ಮಾಡುವ ವಿದ್ಯೆಯೂ ಗುಟ್ಟಿನದಲ್ಲ. ಮ್ಯಾನಿಫೋಲ್ಡಿನ ಬಂಡಿಯ ಹಣೆಗೆ ದೀಪವನ್ನು ಹಚ್ಚಿದ ಮೇಲೆ ಬಾರ್ಶಿಯ ಬಂಡಿಯನ್ನೇ ಮೊದಲಿನಿಂದ ಕಟ್ಟೋಣವೆಂದು ಆ ತರುಣನೂ ವಿದ್ಯಾರ್ಥಿನಿಯೂ ಸೇರಿ ನಕಾಶೆಯನ್ನು ತೆಗೆಯುತ್ತಿರುವರು. ಪುಣೆಯ ಕೋಥರೂಡಿನಲ್ಲಿ ಭಾವು ಜೋಶಿಯವರು 1998ರಲ್ಲಿ ತೆರೆದ ಕಿರುರೈಲುಗಳ ಸಂಗ್ರಹಾಲಯವನ್ನು ಅವರಿಬ್ಬರಿಗೂ ತೋರಿಸಿಕೊಂಡು ಬರುವ ವಿಚಾರವಿದೆ. ಇಡೀ ಊರೊಂದು ಕತ್ತಲಾಗಿ ಅದರೊಳಗೆ ಬಂಡಿಗಳು ಓಡುವುದನ್ನು ನೋಡಿದರೆ ಅವರ ಕೈಗೆ ಇನ್ನಷ್ಟು ಹುರುಪು ಬರಬಹುದು. ಕುರ್ಡುವಾಡಿಯ ಹಳೆಯ ನೌಕರರ ಮನೆಗಳಲ್ಲಿ ಆ ಎಂಜಿನ್ನುಗಳ ಚಿತ್ರಗಳೇನಾದರೂ ಇದ್ದರೆ, ಅದರಲ್ಲಿಯೂ ಮುಂಭಾಗ ಕಾಣುವಂತಹವು ಇದ್ದರೆ, ಸಂಘದ ಕಾರ್ಯಾಲಯಕ್ಕೆ ತಂದುತೋರಿಸಬೇಕು. ನಕಲು ಮಾಡಿಕೊಂಡು ಮರಳಿಸುವೆವು.

ಮಿತ್ರರು ಕೃಪೆಯಿಟ್ಟು ಎಂಜಿನ್ನನ್ನು ಇಲ್ಲಿಗೆ ತಂದಿದ್ದಾರೆ. ಹಳೆಯ ದೀಪವೂ ಅದರ ಪಕ್ಕದಲ್ಲಿ ಡಬ್ಬಿಯಲ್ಲಿದೆ. ವೇದಿಕೆಯ ಕೆಳಗಿನ ಮೇಜಿನ ಮೇಲೆ ಎಂಟು ಅಡಿ ಹಳಿಯನ್ನು ಹಾಸಿದ್ದೇವೆ. ಸಭಾಗೃಹದ ದೀಪಗಳನ್ನು ಇನ್ನೆರಡು ನಿಮಿಷಗಳಲ್ಲಿ ಆರಿಸುವರು. ಚಿಕ್ಕಮಕ್ಕಳು ಮುಂದಕ್ಕೆ ಬರಲಿ, ಎತ್ತರದವರು ಹಿಂದೆ ನಿಲ್ಲಲಿ. ಲೋಹದ ಬಳೆಗಳನ್ನು ತೊಟ್ಟವರು ಹಳಿಯ ಮೇಲೆ ಕೈಯಿಡಬಾರದೆಂದು ಪ್ರಾರ್ಥನೆ. ಆಘಾತವೇನೂ ತಗುಲದು, ಅಷ್ಟು ವೋಲ್ಟ್ ಅದರಲ್ಲಿಲ್ಲ. ಆದರೆ ಬಳೆಯು ಎರಡು ಹಳಿಗಳನ್ನು ಕೂಡಿಸಿತೆಂದರೆ ಬಂಡಿ ಅಲ್ಲಿಯೇ ನಿಲ್ಲುವುದು.